ಕಸಿ ಕಿಡ್ನಿ ಬೇಗ ಕೆಲಸ ಶುರುಮಾಡಲು: ಯಾವ ಔಷಧಿಗೆ ಎಷ್ಟು ಪುರಾವೆ ಇದೆ?

ಕಸಿ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳಗಳನ್ನು ಹೊಲಿದು, ರಕ್ತ ತಡೆಹಿಡಿದಿದ್ದ ಕ್ಲಾಂಪ್ ಬಿಟ್ಟ ಕೂಡಲೇ ಬಿಳಿಚಿಕೊಂಡಿದ್ದ ಕಿಡ್ನಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮೆತ್ತಗಿದ್ದದ್ದು ಬಿಗಿಯಾಗುತ್ತದೆ. ಎಲ್ಲ ಸರಿಯಿದ್ದರೆ ಮೂತ್ರನಾಳದ ತುದಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮೂತ್ರ ತೊಟ್ಟಿಕ್ಕುತ್ತದೆ. ಬದುಕಿರುವ ದಾನಿಯ ಕಿಡ್ನಿಯಾದರೆ ನೂರರಲ್ಲಿ ಸುಮಾರು ಐದು ಜನರಿಗಷ್ಟೇ ಕಸಿಯ ನಂತರ ಮತ್ತೆ ಡಯಾಲಿಸಿಸ್ ಬೇಕಾಗುತ್ತದೆ. ಮಿದುಳು ನಿಷ್ಕ್ರಿಯಗೊಂಡ ದಾನಿಯಿಂದ ಬಂದ ಕಿಡ್ನಿಯಲ್ಲಿ ಈ ಪ್ರಮಾಣ ಕೇಂದ್ರದಿಂದ ಕೇಂದ್ರಕ್ಕೆ ಶೇ. 20ರಿಂದ 50ರವರೆಗೂ ಹೋಗುತ್ತದೆ. ಕಸಿಯಾದ ಮೊದಲ ಏಳು ದಿನಗಳಲ್ಲಿ ಒಮ್ಮೆಯಾದರೂ ಡಯಾಲಿಸಿಸ್ ಬೇಕಾದರೆ ವೈದ್ಯರು ಅದನ್ನು ಡಿಲೇಯ್ಡ್ ಗ್ರಾಫ್ಟ್ ಫಂಕ್ಷನ್, ಚಿಕ್ಕದಾಗಿ ಡಿಜಿಎಫ್ ಎನ್ನುತ್ತಾರೆ.

ಹೆಚ್ಚಿನ ಕಿಡ್ನಿಗಳು ಒಂದೆರಡು ವಾರ ಬಿಟ್ಟು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಹಾಗಂತ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೂತ್ರವೇ ಬಾರದ ಕಿಡ್ನಿಯಲ್ಲಿ ದೇಹದ ತಿರಸ್ಕಾರ ಶುರುವಾಗಿದ್ದರೂ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ನೋಡಿ ಗೊತ್ತಾಗುವುದಿಲ್ಲ, ಬಯಾಪ್ಸಿಯನ್ನೇ ಮಾಡಬೇಕು. ಆಸ್ಪತ್ರೆ ವಾಸ ಉದ್ದವಾಗುತ್ತದೆ, ಬಿಲ್ಲು ಏರುತ್ತದೆ, ಕಿಡ್ನಿಯ ದೀರ್ಘಾಯುಷ್ಯಕ್ಕೂ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು.

ಹಾನಿ ಎರಡು ಹಂತದಲ್ಲಿ ಆಗುತ್ತದೆ. ಐಸ್ ಪೆಟ್ಟಿಗೆಯಲ್ಲಿ ಕಳೆಯುವ ಗಂಟೆಗಳಲ್ಲಿ ಜೀವಕೋಶಗಳ ಶಕ್ತಿಯ ದಾಸ್ತಾನು ಖಾಲಿಯಾಗುತ್ತದೆ. ರಕ್ತ ಮತ್ತೆ ಹರಿದಾಗ ನುಗ್ಗುವ ಆಮ್ಲಜನಕ, ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನ್‌ಗಳು ಮತ್ತು ಬಿಳಿ ರಕ್ತಕಣಗಳು ಸೇರಿ ಆಗಲೇ ಸೋತಿರುವ ನಾಳಕೋಶಗಳನ್ನು ಇನ್ನಷ್ಟು ಕೆಡಿಸುತ್ತವೆ. ಇದನ್ನು ತಡೆಯಲು ದಾನಿಯ ಐಸಿಯುದಿಂದ ಹಿಡಿದು ಕಸಿಯಾದ ಮೂರನೇ ದಿನದವರೆಗೆ ನಾನಾ ಘಟ್ಟಗಳಲ್ಲಿ ಔಷಧಿ ಪ್ರಯತ್ನಗಳಾಗಿವೆ. ಇಷ್ಟಾದರೂ ಡಿಜಿಎಫ್ ತಡೆಯಲೆಂದೇ ಮಂಜೂರಾದ ಒಂದೇ ಒಂದು ಔಷಧಿ ಅಮೆರಿಕದಲ್ಲೂ ಇಲ್ಲ. ಆದ್ದರಿಂದ ಆಯ್ಕೆ ಎಂದರೆ ಪುರಾವೆಯನ್ನು ತೂಗಿ ನೋಡುವುದೇ. ಹಾಗೆ ತೂಗಿದಾಗ ಅತಿ ಅಗ್ಗದ ಆಯ್ಕೆಯೇ, ಅಂದರೆ ಸರಿಯಾದ ಡ್ರಿಪ್ ದ್ರಾವಣವೇ, ಮೇಲೆ ನಿಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಡ್ರಿಪ್: ನಾರ್ಮಲ್ ಸಲೈನೋ, ಸಮತೋಲಿತ ದ್ರಾವಣವೋ?

ಕಸಿ ರೋಗಿಗೆ ಓಟಿಯಲ್ಲಿ ಮತ್ತು ಮೊದಲ ಎರಡು ದಿನ ಲೀಟರ್‌ಗಟ್ಟಲೆ ಡ್ರಿಪ್ ಹೋಗುತ್ತದೆ. ಪೊಟ್ಯಾಸಿಯಂ ಇಲ್ಲದ ದ್ರಾವಣವೇ ಕಿಡ್ನಿ ರೋಗಿಗೆ ಸುರಕ್ಷಿತ ಎಂಬ ನಂಬಿಕೆಯಿಂದ ದಶಕಗಳ ಕಾಲ ಶೇ. 0.9 ಸಲೈನೇ ರೂಢಿಯಲ್ಲಿತ್ತು. ಆದರೆ ಲೀಟರಿಗೆ ಲೆಕ್ಕ ಹಾಕಿ ನೋಡಿ. ಸಲೈನ್‌ನಲ್ಲಿ ಕ್ಲೋರೈಡ್ 154 ಮಿಲಿಮೋಲ್. ಆರೋಗ್ಯವಂತರ ರಕ್ತದಲ್ಲಿ ಸುಮಾರು 100. ರಕ್ತಕ್ಕೆ ಹತ್ತಿರದ ಲವಣಾಂಶವಿರುವ ಸಮತೋಲಿತ ದ್ರಾವಣ 'ಪ್ಲಾಸ್ಮಾಲೈಟ್ 148'ರಲ್ಲಿ 98. ಮೂರು ಲೀಟರ್ ಕೊಟ್ಟರೆ ಸಲೈನ್‌ನಿಂದ 462 ಮಿಲಿಮೋಲ್ ಕ್ಲೋರೈಡ್ ಒಳಗೆ ಹೋಗುತ್ತದೆ, ಪ್ಲಾಸ್ಮಾಲೈಟ್‌ನಿಂದ 294. ಹೆಚ್ಚುವರಿ ಕ್ಲೋರೈಡ್ ರಕ್ತವನ್ನು ಆಮ್ಲೀಯವಾಗಿಸುತ್ತದೆ, ಜೊತೆಗೆ ಕಿಡ್ನಿಯೊಳಗೆ ರಕ್ತ ತರುವ ಸಣ್ಣ ಧಮನಿಗಳನ್ನು ಬಿಗಿಯುತ್ತದೆ. ಈಗಷ್ಟೇ ರಕ್ತ ಕಂಡ ಕಿಡ್ನಿಗೆ ಎರಡೂ ಒಳ್ಳೆಯದಲ್ಲ.

ಪೊಟ್ಯಾಸಿಯಂ ಭಯವೂ ತಲೆಕೆಳಗಾಗಿದೆ. ಪ್ಲಾಸ್ಮಾಲೈಟ್‌ನಲ್ಲಿ ಲೀಟರಿಗೆ 5 ಮಿಲಿಮೋಲ್ ಪೊಟ್ಯಾಸಿಯಂ ಇದೆ, ನಿಜ. ರೋಗಿಯ ರಕ್ತದಲ್ಲಿ ಆಗಲೇ 5.5 ಇದ್ದರೆ ಈ ದ್ರಾವಣ ಅದನ್ನು ತೆಳುವಾಗಿಸುತ್ತದೆಯೇ ಹೊರತು ಏರಿಸುವುದಿಲ್ಲ. ಸಲೈನ್ ತರುವ ಆಮ್ಲೀಯತೆ ಜೀವಕೋಶದೊಳಗಿನ ಪೊಟ್ಯಾಸಿಯಂ ಅನ್ನು ಹೊರದೂಡುತ್ತದೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 51 ರೋಗಿಗಳ ಪ್ರಯೋಗದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು: ಸಲೈನ್ ಪಡೆದವರಲ್ಲಿ ಶೇ. 19 ಮಂದಿಗೆ ಪೊಟ್ಯಾಸಿಯಂ 6 ದಾಟಿ ಚಿಕಿತ್ಸೆ ಬೇಕಾಯಿತು, ರಿಂಗರ್ ಲ್ಯಾಕ್ಟೇಟ್ ಪಡೆದವರಲ್ಲಿ ಒಬ್ಬರಿಗೂ ಬೇಕಾಗಲಿಲ್ಲ.

ಗಟ್ಟಿ ಉತ್ತರ ಬಂದದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಬೆಸ್ಟ್-ಫ್ಲೂಯಿಡ್ಸ್ ಪ್ರಯೋಗದಿಂದ. 2018ರಿಂದ 2020ರವರೆಗೆ 16 ಆಸ್ಪತ್ರೆಗಳಲ್ಲಿ ಮೃತ ದಾನಿಯ ಕಿಡ್ನಿ ಪಡೆದ 808 ಮಂದಿ ಸೇರಿದರು. ಓಟಿಯಿಂದ ಶುರುವಾಗಿ 48 ಗಂಟೆಯವರೆಗೆ ಅರ್ಧ ಜನಕ್ಕೆ ಪ್ಲಾಸ್ಮಾಲೈಟ್, ಅರ್ಧ ಜನಕ್ಕೆ ಸಲೈನ್. ಯಾವ ಚೀಲದಲ್ಲಿ ಏನಿದೆ ಎಂದು ರೋಗಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. 2023ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಡಿಜಿಎಫ್ ಸಲೈನ್ ಗುಂಪಿನಲ್ಲಿ ಶೇ. 40, ಪ್ಲಾಸ್ಮಾಲೈಟ್ ಗುಂಪಿನಲ್ಲಿ ಶೇ. 30. ಹತ್ತು ಜನರಿಗೆ ಡ್ರಿಪ್ ಬದಲಿಸಿದರೆ ಒಬ್ಬರು ಮೊದಲ ವಾರದ ಡಯಾಲಿಸಿಸ್‌ನಿಂದ ಪಾರಾಗುತ್ತಾರೆ. ಒಂದು ವರ್ಷದ ನಂತರ ಕಿಡ್ನಿ ಉಳಿದ ಪ್ರಮಾಣದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡುವ ಕಾರಣವಿಲ್ಲ.

ಪ್ಲಾಸ್ಮಾಲೈಟ್ ಸಿಗದ ಕಡೆ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ಹತ್ತಿರದ ಆಯ್ಕೆ. ಅದರಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 110, ಪೊಟ್ಯಾಸಿಯಂ 4ರಿಂದ 5. ಇಷ್ಟು ದೊಡ್ಡ ಪ್ರಯೋಗದ ಬೆಂಬಲ ಆರ್‌ಎಲ್‌ಗೆ ಇಲ್ಲ, ಆದರೆ ಕೆಲಸ ಮಾಡುವ ದಾರಿ ಒಂದೇ. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ರಕ್ತದ ಬಾಟಲಿಯ ಜೊತೆ ಒಂದೇ ಲೈನಿನಲ್ಲಿ ಬಿಡಬಾರದು, ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೀವಕವನ್ನೂ ಅದರೊಂದಿಗೆ ಬೆರೆಸಬಾರದು. ಇನ್ನೊಂದು ಎಡವಟ್ಟು ಎಲ್ಲಿ ಬೇಕಾದರೂ ಆಗಬಹುದು: ಓಟಿಯಲ್ಲಿ ಅರಿವಳಿಕೆ ತಜ್ಞರು ಸಮತೋಲಿತ ದ್ರಾವಣ ಕೊಟ್ಟಿರುತ್ತಾರೆ, ಐಸಿಯುಗೆ ಬಂದ ಮೇಲೆ "ಮೂತ್ರ ಹೋದಷ್ಟೇ ಮಿಲಿ ಎನ್‌ಎಸ್" ಎಂಬ, ಅಂದರೆ ಅಷ್ಟೇ ನಾರ್ಮಲ್ ಸಲೈನ್ ಕೊಡಿ ಎಂಬ, ಹಳೆಯ ಆದೇಶ ಮುಂದುವರಿಯುತ್ತದೆ. ಗಂಟೆಗೆ 300 ಮಿಲಿ ಮೂತ್ರ ಹೋಗುತ್ತಿದ್ದರೆ ಹತ್ತು ಗಂಟೆಯಲ್ಲಿ ಮೂರು ಲೀಟರ್ ಸಲೈನ್ ಸೇರಿತು. ಬದಲಾವಣೆ ಮಾಡುವುದಾದರೆ 48 ಗಂಟೆಯ ಆದೇಶಪತ್ರದಲ್ಲೇ ಮಾಡಬೇಕು. ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ದ್ರಾವಣಗಳನ್ನು ದಾನಿಗೂ ಕೊಡಬಾರದು, ಪಡೆಯುವವರಿಗೂ ಕೊಡಬಾರದು. ಅವು ಕಿಡ್ನಿಯನ್ನು ಕೆಡಿಸುತ್ತವೆ ಎಂದು 1990ರ ದಶಕದಿಂದಲೂ ಗೊತ್ತಿದೆ.

ದಾನಿಗೆ ಕೊಡುವ ಔಷಧಿ

ಕಿಡ್ನಿ ಐಸ್‌ಗೆ ಹೋಗುವ ಮೊದಲೇ ಅದನ್ನು ಸಜ್ಜುಗೊಳಿಸುವುದು ತರ್ಕಕ್ಕೆ ಒಪ್ಪುವ ದಾರಿ. ಇಲ್ಲಿ ಮುಂದಿರುವುದು ಹೃದಯ ಮತ್ತು ರಕ್ತನಾಳಗಳ ಮೇಲೆ ಕೆಲಸ ಮಾಡುವ ಡೋಪಮಿನ್. ಯುರೋಪಿನ 60 ಕೇಂದ್ರಗಳಲ್ಲಿ 264 ದಾನಿಗಳ ಮೇಲೆ ನಡೆದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಪ್ರತಿ ಕಿಲೋಗೆ ನಿಮಿಷಕ್ಕೆ 4 ಮೈಕ್ರೋಗ್ರಾಂ ಡೋಪಮಿನ್ ಕೊಟ್ಟ ದಾನಿಗಳ ಕಿಡ್ನಿ ಪಡೆದವರಲ್ಲಿ ಒಂದಕ್ಕಿಂತ ಹೆಚ್ಚು ಸಲ ಡಯಾಲಿಸಿಸ್ ಬೇಕಾದವರು ಶೇ. 24.7, ಕೊಡದ ಗುಂಪಿನಲ್ಲಿ ಶೇ. 35.4. ಹೋಲಿಸುವಾಗ ಎಚ್ಚರ ಬೇಕು: ಇಲ್ಲಿ ಎಣಿಸಿದ್ದು ಹಲವು ಸಲದ ಡಯಾಲಿಸಿಸ್, ಬೆಸ್ಟ್-ಫ್ಲೂಯಿಡ್ಸ್ ಎಣಿಸಿದ್ದು ಒಂದೇ ಸಲವಾದರೂ ಆದದ್ದನ್ನು. ಎರಡರ ಶೇಕಡಾ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಎನ್ನಲಾಗದು.

ಕೊಡುವುದು ಕಷ್ಟವಲ್ಲ. 60 ಕಿಲೋ ದಾನಿಗೆ ನಿಮಿಷಕ್ಕೆ 240 ಮೈಕ್ರೋಗ್ರಾಂ, ಅಂದರೆ ಗಂಟೆಗೆ 14.4 ಮಿಲಿಗ್ರಾಂ. 200 ಮಿಲಿಗ್ರಾಂ ಡೋಪಮಿನ್ ಅನ್ನು 50 ಮಿಲಿಗೆ ತುಂಬಿಸಿದರೆ ಮಿಲಿಗೆ 4 ಮಿಲಿಗ್ರಾಂ. ಸಿರಿಂಜ್ ಪಂಪ್ ಗಂಟೆಗೆ 3.6 ಮಿಲಿ. ಮಹಾಧಮನಿಗೆ ಕ್ಲಾಂಪ್ ಹಾಕುವವರೆಗೆ ನಡೆಸಬೇಕು, ಎದೆಬಡಿತ ಅಥವಾ ರಕ್ತದೊತ್ತಡ ತೀರಾ ಏರಿದರೆ ನಿಲ್ಲಿಸಬೇಕು. ಪ್ರಯೋಗಕ್ಕೆ ಸೇರಿದ್ದು ಸ್ಥಿರವಾಗಿದ್ದ ದಾನಿಗಳು ಮಾತ್ರ: ಕ್ರಿಯಾಟಿನಿನ್ 2ರೊಳಗೆ, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಾಲಿನ್ ಕಡಿಮೆ ಪ್ರಮಾಣದಲ್ಲಿ. ಒತ್ತಡ ಕುಸಿಯುತ್ತಿರುವ ದಾನಿಗೆ ಇದೇ ಫಲ ಸಿಗುತ್ತದೆಂದು ಹೇಳಲು ಆಧಾರವಿಲ್ಲ. ಐಸ್‌ನಲ್ಲಿ ಹೆಚ್ಚು ಹೊತ್ತು ಇದ್ದ ಕಿಡ್ನಿಗಳಲ್ಲಿ ಲಾಭ ಹೆಚ್ಚು ಕಂಡಿತು. ಡೋಪಮಿನ್ ಇಲ್ಲಿ ಮೂತ್ರ ಬರಿಸುವ ಔಷಧಿಯಾಗಿ ಅಲ್ಲ, ತಣ್ಣಗಾಗುವ ಮುನ್ನ ರಕ್ತನಾಳದ ಒಳಪದರವನ್ನು ಕಾಯುವ ಔಷಧಿಯಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇದು ಹೊಂದುತ್ತದೆ. ಅದೇ ಡೋಪಮಿನ್ ಅನ್ನು ಕಸಿಯ ನಂತರ ರೋಗಿಗೆ "ಕಿಡ್ನಿ ಡೋಸ್" ಎಂದು ಕೊಡುವುದರಿಂದ ಪ್ರಯೋಜನವಿಲ್ಲ.

ದಾನಿಗೆ ಸ್ಟಿರಾಯ್ಡ್ ಕೊಟ್ಟು ಉರಿಯೂತ ತಗ್ಗಿಸುವ ಉಪಾಯವನ್ನೂ ಪರೀಕ್ಷಿಸಲಾಗಿದೆ. ಅಂಗ ತೆಗೆಯುವ ಕನಿಷ್ಠ ಮೂರು ಗಂಟೆ ಮೊದಲು 1000 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು: ಸ್ಟಿರಾಯ್ಡ್ ಗುಂಪಿನಲ್ಲಿ ಡಿಜಿಎಫ್ ಶೇ. 22, ಪ್ಲಸೀಬೊ (ಔಷಧಿಯಿಲ್ಲದ ಹುಸಿ ಡೋಸ್) ಗುಂಪಿನಲ್ಲಿ ಶೇ. 25, ಅಂದರೆ ಕಿಡ್ನಿಯ ಮಟ್ಟಿಗೆ ನೆಚ್ಚುವಂಥ ವ್ಯತ್ಯಾಸವಿಲ್ಲ. ಕಿಡ್ನಿಯೊಳಗೆ ಉರಿಯೂತದ ಗುರುತುಗಳು ತಗ್ಗಿದ್ದವು, ರೋಗಿಗೆ ಮಾತ್ರ ಫಲ ತಲುಪಲಿಲ್ಲ.

ಔಷಧಿಯಲ್ಲದ ಎರಡು ಸ್ಪರ್ಧಿಗಳನ್ನು ಬಿಟ್ಟು ಹೋಲಿಕೆ ಪೂರ್ಣವಾಗದು. ದಾನಿಯ ದೇಹದ ಉಷ್ಣತೆಯನ್ನು 34ರಿಂದ 35 ಡಿಗ್ರಿಗೆ ಇಳಿಸಿದರೆ ಡಿಜಿಎಫ್ ಶೇ. 39ರಿಂದ 28ಕ್ಕೆ ಇಳಿಯಿತೆಂದು 2015ರಲ್ಲಿ ಅಮೆರಿಕದಿಂದ ವರದಿಯಾಯಿತು. ಖರ್ಚಿಲ್ಲದ ಉಪಾಯ ಎಂದು ಎಲ್ಲರಿಗೂ ಹಿಡಿಸಿತು. ಕಿಡ್ನಿಯೊಳಗೆ ತಣ್ಣನೆಯ ದ್ರಾವಣವನ್ನು ಸತತವಾಗಿ ಹರಿಸುವ ಯಂತ್ರ ಇನ್ನೊಂದು. 2009ರ ಯುರೋಪಿನ ಪ್ರಯೋಗದಲ್ಲಿ ಒಬ್ಬನೇ ದಾನಿಯ ಒಂದು ಕಿಡ್ನಿ ಯಂತ್ರಕ್ಕೆ, ಇನ್ನೊಂದು ಐಸ್‌ಗೆ ಹೋಗಿ, ಡಿಜಿಎಫ್ ಶೇ. 20.8 ಮತ್ತು 26.5 ಬಂತು. ಎರಡನ್ನೂ ಮುಖಾಮುಖಿ ನಿಲ್ಲಿಸಿದ್ದು 2023ರಲ್ಲಿ: ತಂಪಾಗಿಸಿದ ದಾನಿಯ ಕಿಡ್ನಿಗಳಲ್ಲಿ ಶೇ. 30, ಯಂತ್ರದಲ್ಲಿಟ್ಟವುಗಳಲ್ಲಿ ಶೇ. 19, ಎರಡೂ ಸೇರಿದಾಗ ಶೇ. 22. ಯಂತ್ರವಿರುವಲ್ಲಿ ದಾನಿಯನ್ನು ತಂಪಾಗಿಸುವುದರಿಂದ ಹೆಚ್ಚುವರಿ ಲಾಭವಿಲ್ಲ. ಹೊಸ ಔಷಧಿಯೊಂದನ್ನು ಐಸ್ ಪೆಟ್ಟಿಗೆಯ ಕಿಡ್ನಿಗಳ ಮೇಲೆ ಮಾತ್ರ ಪರೀಕ್ಷಿಸಿ ಗೆದ್ದಿತು ಎಂದರೆ, ಯಂತ್ರದೆದುರೂ ಅದು ಗೆಲ್ಲುತ್ತದೆಯೇ ಎಂದು ಕೇಳಲೇಬೇಕು.

ದುಬಾರಿ ಅಣುಗಳು

ಕಾಂಪ್ಲಿಮೆಂಟ್ ಅನ್ನು ತಡೆಯುವ ಎಕುಲಿಜುಮ್ಯಾಬ್ ಮೇಲೆ ಬಹಳ ನಿರೀಕ್ಷೆಯಿತ್ತು. ಪ್ರೊಟೆಕ್ಟ್ ಹೆಸರಿನ ಪ್ರಯೋಗದಲ್ಲಿ ಕ್ಲಾಂಪ್ ಬಿಡುವ ಮೊದಲು 1200 ಮಿಲಿಗ್ರಾಂ, 12ರಿಂದ 24 ಗಂಟೆಯೊಳಗೆ 900 ಮಿಲಿಗ್ರಾಂ. 300 ಮಿಲಿಗ್ರಾಂ ವಯಲ್ ಲೆಕ್ಕದಲ್ಲಿ ಏಳು ವಯಲ್, ಜಗತ್ತಿನ ಅತಿ ದುಬಾರಿ ಔಷಧಿಗಳಲ್ಲೊಂದು. ಡಿಜಿಎಫ್ ಔಷಧಿ ಪಡೆದವರಲ್ಲಿ ಶೇ. 35.9, ಪ್ಲಸೀಬೊ ಪಡೆದವರಲ್ಲಿ 41.7, ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಹಣದಷ್ಟೇ ದೊಡ್ಡ ತೊಡಕು, ಮಿದುಳು ಪೊರೆಯ ಉರಿಯೂತ ತರುವ ಮೆನಿಂಜೊಕಾಕಸ್ ಬ್ಯಾಕ್ಟೀರಿಯಾದ ಸೋಂಕು. ಈ ಔಷಧಿ ಕೊಡುವ ಕನಿಷ್ಠ ಎರಡು ವಾರ ಮೊದಲು ಲಸಿಕೆ ಹಾಕಬೇಕು, ಆದರೆ ಮೃತ ದಾನಿಯ ಕಿಡ್ನಿ ಬಂದಿದೆ ಎಂಬ ಕರೆ ನಡುರಾತ್ರಿ ಬರುತ್ತದೆ. ಮುಂಚಿತವಾಗಿ ಲಸಿಕೆ ಆಗಿರದಿದ್ದರೆ ಪ್ರತಿಜೀವಕದ ಆಸರೆಯಲ್ಲೇ ನಡೆಯಬೇಕಾಗುತ್ತದೆ.

ಅದೇ ಸರಪಳಿಯನ್ನು ಇನ್ನೂ ಮೇಲಿನ ಕೊಂಡಿಯಲ್ಲಿ ತಡೆಯುವುದು ಸಿ1 ಎಸ್ಟರೇಸ್ ಇನ್‌ಹಿಬಿಟರ್. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಕೇಂದ್ರದಲ್ಲಿ 70 ರೋಗಿಗಳಿಗೆ ಪ್ರತಿ ಕಿಲೋಗೆ 50 ಯೂನಿಟ್‌ನಂತೆ ಎರಡು ಸಲ ಔಷಧಿ ಅಥವಾ ಪ್ಲಸೀಬೊ ಕೊಟ್ಟರು. ಮೊದಲ ವಾರದ ಡಯಾಲಿಸಿಸ್ ಗಣನೀಯವಾಗಿ ತಗ್ಗಲಿಲ್ಲ, ಆದರೆ ಎರಡರಿಂದ ನಾಲ್ಕನೇ ವಾರದಲ್ಲಿ ಡಯಾಲಿಸಿಸ್ ಸಂಖ್ಯೆ ಕಡಿಮೆಯಿತ್ತು. ಮುಖ್ಯ ಗುರಿಯಲ್ಲಿ ಸೋತು ಪಕ್ಕದ ಗುರಿಯಲ್ಲಿ ಗೆದ್ದ ಪ್ರಯೋಗವನ್ನು ಮುಂದಿನ ಪ್ರಯೋಗಕ್ಕೆ ಕಾರಣವೆಂದು ನೋಡಬೇಕು, ಚಿಕಿತ್ಸೆಗೆ ಕಾರಣವೆಂದಲ್ಲ. ನಮ್ಮ ಮಟ್ಟಿಗೆ ದೊಡ್ಡ ಪ್ರಯೋಗಕ್ಕೆ ಅರ್ಹವಾದ ಔಷಧಿಗಳಲ್ಲಿ ಇದೂ ಒಂದು.

ಆ್ಯಂಗ್-3777 ಎಂಬ ಅಣು, ಕಿಡ್ನಿಕೋಶ ರಿಪೇರಿಗೆ ಸಹಾಯ ಮಾಡುವ ಬೆಳವಣಿಗೆಯ ಅಂಶವನ್ನು ಅನುಕರಿಸುತ್ತದೆ. ಮೂತ್ರ ಕಡಿಮೆಯಿದ್ದ ರೋಗಿಗಳಿಗೆ ದಿನಕ್ಕೊಂದರಂತೆ ಮೂರು ಡೋಸ್ ಕೊಟ್ಟ ಮೂರನೇ ಹಂತದ ಪ್ರಯೋಗ, ಹನ್ನೆರಡು ತಿಂಗಳ ಕಿಡ್ನಿ ಕಾರ್ಯಕ್ಷಮತೆಯ ಗುರಿಯನ್ನು ಮುಟ್ಟಲಿಲ್ಲ. ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಪ್ರಾಣಿಗಳಲ್ಲಿ ಸೊಗಸಾಗಿ ಕೆಲಸ ಮಾಡಿತ್ತು. ಫ್ರಾನ್ಸ್‌ನಲ್ಲಿ ಒಂದು ಸಲಕ್ಕೆ 30,000 ಯೂನಿಟ್‌ನಂತೆ ನಾಲ್ಕು ಡೋಸ್ ಕೊಟ್ಟರೂ ಡಿಜಿಎಫ್ ತಗ್ಗಲಿಲ್ಲ, ಇನ್ನೊಂದು ಪ್ರಯೋಗದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಹೆಚ್ಚಿತು. ರಕ್ತಹೀನತೆಗೆ ಕೊಡುವ ಡೋಸ್ ಬೇರೆ ವಿಷಯ. ಡಿಜಿಎಫ್‌ಗಾಗಿ ಇದನ್ನು ಆರಿಸಬೇಡಿ.

ಎಟಿಜಿ: ಯಾವ ಗಳಿಗೆಯಲ್ಲಿ ಶುರು?

ತಿರಸ್ಕಾರ ತಡೆಯಲು ಹೇಗಿದ್ದರೂ ಎಟಿಜಿ, ಅಂದರೆ ರೋಗನಿರೋಧಕ ಕೋಶಗಳನ್ನು ತಗ್ಗಿಸುವ ಥೈಮೊಗ್ಲೋಬುಲಿನ್, ಕೊಡುವುದೆಂದು ನಿರ್ಧಾರವಾಗಿದ್ದರೆ, ಕ್ಲಾಂಪ್ ಬಿಡುವ ಮೊದಲೇ ಓಟಿಯಲ್ಲಿ ಶುರುಮಾಡುವುದಕ್ಕೆ ಅರ್ಥವಿದೆ. 2003ರಲ್ಲಿ ಪ್ರಕಟವಾದ 58 ರೋಗಿಗಳ ಪ್ರಯೋಗದಲ್ಲಿ ಓಟಿಯಲ್ಲೇ ಶುರುಮಾಡಿದವರಲ್ಲಿ ಡಿಜಿಎಫ್ ಶೇ. 14.8, ನಂತರ ಶುರುಮಾಡಿದವರಲ್ಲಿ ಶೇ. 35.5. ಚಿಕ್ಕ ಪ್ರಯೋಗ, ಒಂದೇ ಕೇಂದ್ರ. ಅಂಕಿಯನ್ನು ಪೂರ್ತಿ ನಂಬಬೇಡಿ. ಡಿಜಿಎಫ್ ತಡೆಯಲೆಂದೇ ತಿರಸ್ಕಾರ ತಡೆಯುವ ಇನ್ನೊಂದು ಔಷಧಿಯಾದ ಬೆಸಿಲಿಕ್ಸಿಮ್ಯಾಬ್ ಬಿಟ್ಟು ಎಟಿಜಿ ಹಿಡಿಯಲು 2006ರ ದೊಡ್ಡ ಹೋಲಿಕೆ ಬೆಂಬಲ ಕೊಡುವುದಿಲ್ಲ: ತೀವ್ರ ತಿರಸ್ಕಾರ ಶೇ. 25.5ರಿಂದ 15.6ಕ್ಕೆ ಇಳಿಯಿತು, ಡಿಜಿಎಫ್ ಹೆಚ್ಚುಕಡಿಮೆ ಅಷ್ಟೇ ಇತ್ತು.

ಮೊದಲ ಡೋಸ್ ದೊಡ್ಡ ರಕ್ತನಾಳದ ಲೈನಿನಲ್ಲಿ, ಕನಿಷ್ಠ ಆರು ಗಂಟೆ, ಅದಕ್ಕೂ ಮೊದಲು ಸ್ಟಿರಾಯ್ಡ್, ಪ್ಯಾರಾಸಿಟಮಾಲ್, ಆ್ಯಂಟಿಹಿಸ್ಟಮಿನ್. ಅವಸರಪಟ್ಟು ಓಡಿಸಿದರೆ ರಕ್ತದೊತ್ತಡ ಕುಸಿಯುತ್ತದೆ, ಆಗ ಯಾವ ಕಿಡ್ನಿಯನ್ನು ಉಳಿಸಲು ಕೊಟ್ಟಿರೋ ಅದಕ್ಕೇ ರಕ್ತ ಸಾಲದಾಗುತ್ತದೆ. ಪ್ಲೇಟ್‌ಲೆಟ್ ಇಳಿಕೆ, ಸಿಎಂವಿ ವೈರಸ್, ನಮ್ಮ ದೇಶದಲ್ಲಿ ಕ್ಷಯ: ಇವುಗಳ ಲೆಕ್ಕವನ್ನೂ ಜೊತೆಗೇ ಹಾಕಬೇಕು.

ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ ಅನ್ನು ಶೇ. 20ರ ದ್ರಾವಣವಾಗಿ 250 ಮಿಲಿ, ಕ್ಲಾಂಪ್ ಬಿಡುವ ತುಸು ಮುಂಚೆ ಕೊಡುವ ರೂಢಿಗೆ 1980ರ ದಶಕದ ಸಣ್ಣ ಪ್ರಯೋಗಗಳ ಆಧಾರವಿದೆ. ಅಗ್ಗ, ಒಂದು ಸಲ ಕೊಟ್ಟರೆ ಹಾನಿ ಕಡಿಮೆ. ಮೂತ್ರವೇ ಬಾರದವರಿಗೆ ಮತ್ತೆ ಮತ್ತೆ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಫ್ಯೂರೊಸೆಮೈಡ್ ಮೂತ್ರದ ಪ್ರಮಾಣ ಹೆಚ್ಚಿಸಬಹುದು, ಕಿಡ್ನಿಯ ಶೋಧನೆಯನ್ನು ಹೆಚ್ಚಿಸುವುದಿಲ್ಲ. ಚೀಲ ತುಂಬಿತೆಂದು ನಿರಾಳರಾಗದೆ ಕ್ರಿಯಾಟಿನಿನ್ ಇಳಿಯುತ್ತಿದೆಯೇ ನೋಡಿ.

ಪ್ರಯೋಗವನ್ನು ಅಳೆಯುವುದು ಹೇಗೆ

ಡಿಜಿಎಫ್ ವ್ಯಾಖ್ಯೆಯಲ್ಲೇ ಒಂದು ಸಡಿಲ ಗಂಟಿದೆ. ಡಯಾಲಿಸಿಸ್ ಮಾಡಬೇಕೆಂದು ನಿರ್ಧರಿಸುವುದು ಕಿಡ್ನಿಯಲ್ಲ, ವೈದ್ಯರು. ಒಬ್ಬರು ಪೊಟ್ಯಾಸಿಯಂ 6ಕ್ಕೇ ಡಯಾಲಿಸಿಸ್‌ಗೆ ಹಾಕುತ್ತಾರೆ, ಇನ್ನೊಬ್ಬರು 6.5ರವರೆಗೆ ಔಷಧಿಯಲ್ಲಿ ನಿಭಾಯಿಸುತ್ತಾರೆ. ಸ್ವಂತ ಕಿಡ್ನಿಯಿಂದ ದಿನಕ್ಕೆ ಒಂದು ಲೀಟರ್ ಮೂತ್ರ ಬರುತ್ತಿದ್ದ ರೋಗಿಗೆ ಹೊಸ ಕಿಡ್ನಿ ಮಲಗಿದ್ದರೂ ಡಯಾಲಿಸಿಸ್ ಬೇಕಾಗದಿರಬಹುದು. ಆದ್ದರಿಂದ ಯಾರಿಗೆ ಯಾವ ಔಷಧಿ ಎಂದು ವೈದ್ಯರಿಗೆ ಗೊತ್ತಿದ್ದ ಪ್ರಯೋಗಕ್ಕಿಂತ, ಗೊತ್ತಿಲ್ಲದ ಪ್ರಯೋಗದ ಮಾತಿಗೆ ಬೆಲೆ ಹೆಚ್ಚು. ಒಂದನೇ ದಿನದಿಂದ ಎರಡನೇ ದಿನಕ್ಕೆ ಕ್ರಿಯಾಟಿನಿನ್ ಶೇ. 30ಕ್ಕಿಂತ ಹೆಚ್ಚು ಇಳಿಯಿತೇ ಎಂಬುದನ್ನೂ ಜೊತೆಗೆ ಅಳೆದಿದ್ದರೆ ಇನ್ನೂ ಒಳ್ಳೆಯದು.

ಮುಂದಿನದು ಸಂಖ್ಯೆ. ಡಿಜಿಎಫ್ ಶೇ. 40ರಿಂದ 30ಕ್ಕೆ ಇಳಿಯುವುದನ್ನು ಹಿಡಿಯಲು, ಶೇ. 80 ಸಾಮರ್ಥ್ಯದ (ನಿಜವಾದ ವ್ಯತ್ಯಾಸ ನೂರಕ್ಕೆ ಎಂಬತ್ತು ಸಲ ಕಾಣಬೇಕೆಂಬ) ಸಾಮಾನ್ಯ ಲೆಕ್ಕದಲ್ಲಿ ಪ್ರತಿ ಗುಂಪಿಗೆ ಸುಮಾರು 355 ಜನ ಬೇಕು. 40ರಿಂದ 35ಕ್ಕೆ ಇಳಿಯುವುದನ್ನು ಹಿಡಿಯಲು ಪ್ರತಿ ಗುಂಪಿಗೆ ಸುಮಾರು 1,470. ಪ್ರೊಟೆಕ್ಟ್‌ನಲ್ಲಿ ಎರಡೂ ಗುಂಪು ಸೇರಿ ಮುನ್ನೂರಕ್ಕಿಂತ ಕಡಿಮೆ ಜನರಿದ್ದರು. ಆರು ಅಂಕದ ವ್ಯತ್ಯಾಸ ನಿಜವಿದ್ದರೂ ಅದು ಕಾಣುವಷ್ಟು ದೊಡ್ಡ ಪ್ರಯೋಗವಾಗಿರಲಿಲ್ಲ. ಇನ್ನು ಬದುಕಿರುವ ದಾನಿಗಳ ಕಸಿಯಲ್ಲಿ ಡಿಜಿಎಫ್ ಶೇ. 4 ಇದ್ದು 3ಕ್ಕೆ ಇಳಿಯುವುದನ್ನು ತೋರಿಸಬೇಕಾದರೆ ಪ್ರತಿ ಗುಂಪಿಗೆ 5,000ಕ್ಕೂ ಹೆಚ್ಚು ಜನ ಬೇಕು. ಭಾರತದ ಕಸಿಗಳಲ್ಲಿ ಹೆಚ್ಚಿನವು ಬದುಕಿರುವ ದಾನಿಗಳದ್ದೇ. ಇಂಥ ಪ್ರಯೋಗ ನಮ್ಮಲ್ಲಿ ನಡೆದರೆ ಕರ್ನಾಟಕದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯ ಮೂಲಕ ಮೃತ ದಾನಿಯ ಕಿಡ್ನಿ ಪಡೆಯುವವರಲ್ಲೇ ಅದಕ್ಕೆ ಅರ್ಥ ಬರುತ್ತದೆ. ನೂರು ಜನ ಬಂಧುದಾನದ ರೋಗಿಗಳಲ್ಲಿ ಹೊಸ ಔಷಧಿ "ಡಿಜಿಎಫ್ ಅನ್ನು ಅರ್ಧಕ್ಕೆ ಇಳಿಸಿತು" ಎಂದು ಯಾರಾದರೂ ಹೇಳಿದರೆ, ನಾಲ್ಕು ಜನರಿಂದ ಎರಡಕ್ಕೆ ಇಳಿದಿದೆಯೇ ನೋಡಿ.

ಪ್ರಯೋಗಕ್ಕೆ ಸೇರುವಂತೆ ನಿಮ್ಮನ್ನೇ ಕೇಳಿದರೆ

ಭಾರತದಲ್ಲಿ ಔಷಧಿ ಪ್ರಯೋಗವೊಂದು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಸಿಟಿಆರ್‌ಐ ನೋಂದಣಿಯಲ್ಲಿ (ದೇಶದ ಕ್ಲಿನಿಕಲ್ ಪ್ರಯೋಗಗಳ ಸರ್ಕಾರಿ ದಾಖಲೆ) ದಾಖಲಾಗಿರಬೇಕು. ಆ ಸಂಖ್ಯೆ ಕೇಳಿ ಪಡೆದು, ಮುಖ್ಯ ಗುರಿ ಏನೆಂದು ಬರೆದಿದೆಯೋ ಅದನ್ನು ಓದಿ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಹೊಸ ಔಷಧಿಯ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ಅವಕಾಶವಿದೆ. ಒಪ್ಪಿಗೆ ಪತ್ರದಲ್ಲಿ ಆ ಭಾಗ ಎಲ್ಲಿದೆ ತೋರಿಸಲು ಹೇಳಿ. ಪತ್ರ ಕನ್ನಡದಲ್ಲಿ ಬೇಕೆಂದು ಕೇಳುವುದು ನಿಮ್ಮ ಹಕ್ಕು.

ಹೊತ್ತು ಮುಖ್ಯ. ಕಿಡ್ನಿ ಬಂದ ರಾತ್ರಿ, ಅಡ್ಮಿಷನ್ ಗಡಿಬಿಡಿಯಲ್ಲಿ ಸಹಿ ಹಾಕುವ ಸ್ಥಿತಿ ಯಾರಿಗೂ ಒಳ್ಳೆಯದಲ್ಲ. ಕಾಯುವ ಪಟ್ಟಿಯಲ್ಲಿರುವಾಗಲೇ, ಡಯಾಲಿಸಿಸ್‌ಗೆ ಹೋಗಿಬರುವ ದಿನಗಳಲ್ಲೇ, ನಿಮ್ಮ ಕಸಿ ಸಂಯೋಜಕರನ್ನು ಕೇಳಿ: ಇಲ್ಲಿ ಯಾವುದಾದರೂ ಪ್ರಯೋಗ ನಡೆಯುತ್ತಿದೆಯೇ, ನಾನು ಸೇರಬಹುದೇ, ಪ್ಲಸೀಬೊ ಗುಂಪಿನಲ್ಲಿದ್ದರೂ ಸಿಗುವ ಡ್ರಿಪ್ ಸಮತೋಲಿತ ದ್ರಾವಣವೇ, ಕಿಡ್ನಿ ಯಂತ್ರದಲ್ಲಿ ಬರುತ್ತದೆಯೇ ಐಸ್‌ನಲ್ಲೇ, ಯಾವ ಪೊಟ್ಯಾಸಿಯಂ ಮಟ್ಟಕ್ಕೆ ನೀವು ಡಯಾಲಿಸಿಸ್ ಮಾಡುತ್ತೀರಿ. ಬೇಡವೆಂದರೆ ಪಟ್ಟಿಯಲ್ಲಿ ನಿಮ್ಮ ಸ್ಥಾನ ಹಿಂದೆ ಸರಿಯುವುದಿಲ್ಲ, ಪ್ರಯೋಗದ ನಡುವೆ ಹೊರಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಮೊದಲೇ ಹಾಕಿಸಿಕೊಳ್ಳಬೇಕಾದ ಲಸಿಕೆಗಳಿದ್ದರೆ ಅವನ್ನೂ ಆ ದಿನಗಳಲ್ಲೇ ಮುಗಿಸಿಕೊಳ್ಳಿ.